ವಾರಕ್ಕೆ 20 ಗಂಟೆ: ಕೆರಾಡಿಯಿಂದ ಐರ್ಲೆಂಡಿಗೆ ಓದೋಕೆ ಹೊರಟ್ರೆ ದಿನ ಹೇಗಿರುತ್ತೆ?

ಪಾಡ್‌ಕಾಸ್ಟ್ ಸಂಚಿಕೆಯ ಅಕ್ಷರರೂಪ. ಓದೋಕೆ ಅನುಕೂಲ ಆಗ್ಲಿ ಅಂತ ಮಾತನ್ನ ಅಲ್ಲಲ್ಲಿ ಸ್ವಲ್ಪ ಸರಿ ಮಾಡಿದ್ದೇವೆ.

ಬಸ್ಸಲ್ಲಿ ಇಯರ್‌ಫೋನ್ ಹಾಕ್ಕೊಂಡು ಕೂತವರು, ರಾತ್ರಿ ನಿದ್ದೆ ಬಾರದೆ ಮೊಬೈಲ್ ಹಿಡ್ಕೊಂಡವರು, ಎಲ್ಲರೂ ಬನ್ನಿ.

ಕೆರಾಡಿ ಅಂದ ಕೂಡ್ಲೇ ಈಗ ಜನಕ್ಕೆ ‘ಕಾಂತಾರ’ ನೆನಪಾಗುತ್ತೆ. ರಿಷಬ್ ಶೆಟ್ಟಿಯವರ ಊರು, 2022ರ ಆ ಸಿನಿಮಾದ ಶೂಟಿಂಗ್ ಆದ ಜಾಗ. ಇವತ್ತಿನ ವಿಷಯ ಸಿನಿಮಾ ಅಲ್ಲ. ಡಿಗ್ರಿ ಮುಗಿಸಿದವರು ಕಟ್ಟೆ ಮೇಲೆ ಕೂತು ಮುಂದೇನು ಅಂತ ಮಾತಾಡುವಾಗ ಕೆನಡಾ, ಯುಕೆ ಜೊತೆಗೆ ಇನ್ನೊಂದು ಹೆಸರೂ ಬರುತ್ತೆ: ಐರ್ಲೆಂಡ್. ಅಲ್ಲಿ ಕಾಲೇಜು ಹೇಗೆ, ರ‍್ಯಾಂಕಿಂಗ್ ಎಷ್ಟು ಅಂತ ಏಜೆಂಟರು ಹೇಳ್ತಾರೆ. ಬೆಳಿಗ್ಗೆ ಎದ್ದು ರಾತ್ರಿ ಮಲಗೋ ತನಕ ಏನಾಗುತ್ತೆ ಅಂತ ಯಾರೂ ಬಿಡಿಸಿ ಹೇಳಲ್ಲ. ಅದನ್ನ ಇವತ್ತು ನೋಡೋಣ.

ಯಾಕೆ ಐರ್ಲೆಂಡ್ ಅನ್ನೋದಕ್ಕೆ ಉತ್ತರ ಚಿಕ್ಕದು. ಇಂಗ್ಲಿಷ್ ನಡೆಯೋ ದೇಶ. ಮಾಸ್ಟರ್ಸ್ ಹೆಚ್ಚಾಗಿ ಒಂದೇ ವರ್ಷ. ಡಬ್ಲಿನ್, ಕಾರ್ಕ್ ಕಡೆ ಸಾಫ್ಟ್‌ವೇರ್ ಮತ್ತು ಔಷಧ ಕಂಪನಿಗಳು ತುಂಬ ಇವೆ. ಓದು ಮುಗಿದ ಮೇಲೆ ಎರಡು ವರ್ಷ ಇದ್ದು ಕೆಲಸ ಹುಡುಕಬಹುದು. 2022ರ ಜನಗಣತಿಯಲ್ಲೇ ಅಲ್ಲಿ 45 ಸಾವಿರಕ್ಕೂ ಹೆಚ್ಚು ಭಾರತೀಯ ಪ್ರಜೆಗಳಿದ್ರು. ಈಗ ಅಲ್ಲಿನ ವಿದೇಶಿ ವಿದ್ಯಾರ್ಥಿಗಳಲ್ಲಿ ಭಾರತದವರದ್ದೇ ದೊಡ್ಡ ಗುಂಪು.

ಇನ್ನು ಲೆಕ್ಕಕ್ಕೆ ಬರೋಣ. ಬೋರ್ ಅನ್ನಿಸಿದ್ರೂ ಫಾರ್ವರ್ಡ್ ಮಾಡ್ಬೇಡಿ ಮರಾಯ್ರೆ, ಇಡೀ ದಿನಚರಿ ನಿಂತಿರೋದೇ ಈ ಲೆಕ್ಕದ ಮೇಲೆ.

ಕೆರಾಡಿಯಿಂದ ಒಬ್ಬಳು ಹುಡುಗಿ ಹೊರಟ್ಲು ಅಂತ ಇಟ್ಕೊಳ್ಳಿ. ಫೀಸು 15 ಸಾವಿರ ಯೂರೋ ಅಂತ ಹಿಡಿಯೋಣ. ಇದಕ್ಕಿಂತ ಕಡಿಮೆಯದ್ದೂ ಇದೆ, 25 ಸಾವಿರ ದಾಟಿದ್ದೂ ಇದೆ. ಅದರ ಮೇಲೆ, ಒಂದು ವರ್ಷದ ಜೀವನ ಖರ್ಚಿಗೆ 10 ಸಾವಿರ ಯೂರೋ ಇದೆ ಅಂತ ವೀಸಾಕ್ಕೆ ತೋರಿಸ್ಬೇಕು. 2023ರ ಜುಲೈಗೆ ಮುಂಚೆ ಇದು 7 ಸಾವಿರ ಇತ್ತು. ಒಟ್ಟು 25 ಸಾವಿರ ಯೂರೋ. ಯೂರೋ ಬೆಲೆ ನೂರು ರೂಪಾಯಿ ದಾಟಿರೋದ್ರಿಂದ 25 ಲಕ್ಷಕ್ಕೂ ಮೇಲೆ.

ಅಷ್ಟು ದುಡ್ಡು ಮನೆಯಲ್ಲಿ ಇರಲ್ಲ, ಬ್ಯಾಂಕಿಗೆ ಹೋಗ್ಬೇಕು. ಏಳೂವರೆ ಲಕ್ಷದ ತನಕ ಸಾಮಾನ್ಯವಾಗಿ ಅಡಮಾನ ಕೇಳಲ್ಲ. ಅದರ ಮೇಲೆ ಹೋದ್ರೆ ಕೇಳ್ತಾರೆ. ನಮ್ಮ ಕಡೆಯವರು ಸಿಕ್ಕಿಬೀಳೋದು ಇಲ್ಲೇ. ಅಡಿಕೆ ತೋಟ ಇದೆ, ಗದ್ದೆ ಇದೆ, ರಬ್ಬರ್ ಇದೆ. ಆದ್ರೆ ಕೃಷಿ ಜಮೀನನ್ನ ಹೆಚ್ಚಿನ ಬ್ಯಾಂಕುಗಳು ಶಿಕ್ಷಣ ಸಾಲಕ್ಕೆ ಅಡಮಾನವಾಗಿ ಒಪ್ಪಲ್ಲ. ಕುಮ್ಕಿ ಜಾಗವನ್ನಂತೂ ಕೇಳೋದೇ ಬೇಡ, ಅದು ಸರ್ಕಾರದ್ದು, ನಮಗಿರೋದು ಬಳಸೋ ಸೌಕರ್ಯ ಅಷ್ಟೇ. ಉಳಿಯೋದು ಮನೆ, ಇಲ್ಲಾ ಕನ್ವರ್ಷನ್ ಆಗಿರೋ ಐದು-ಹತ್ತು ಸೆಂಟ್ಸ್. ಅಂದ್ರೆ ಮಗಳು ವಿಮಾನ ಹತ್ತೋ ಮೊದಲೇ ಅಪ್ಪಯ್ಯ-ಅಬ್ಬಿ ಕೂತಿರೋ ಮನೆಯ ಕಾಗದಪತ್ರ ಬ್ಯಾಂಕಿನ ಲಾಕರಿಗೆ ಹೋಗಿರುತ್ತೆ.

25 ಲಕ್ಷಕ್ಕೆ ಶೇ. 10ರ ಬಡ್ಡಿ ಅಂದ್ರೆ ವರ್ಷಕ್ಕೆ ಎರಡೂವರೆ ಲಕ್ಷ, ದಿನಕ್ಕೆ 685 ರೂಪಾಯಿ. ಇದು ಬರೀ ಬಡ್ಡಿ. ಓದುವಾಗ ಕಂತು ಕಟ್ಟೋದಿರಲ್ಲ ನಿಜ, ಆದ್ರೆ ಬಡ್ಡಿ ಓಡೋದು ನಿಲ್ಲಲ್ಲ.

ಓದ್ತಾ ದುಡಿಯೋದು ನಮ್ಮ ಕರಾವಳಿಗೆ ಹೊಸತಲ್ಲ. ಹಿಂದಿನ ತಲೆಮಾರಿನ ಎಷ್ಟೋ ಹುಡುಗರು ಮುಂಬೈಗೆ ಹೋಗಿ ಹಗಲು ಹೋಟೆಲಲ್ಲಿ ಲೋಟ ತೊಳೆದು, ರಾತ್ರಿ ಕನ್ನಡ ರಾತ್ರಿ ಶಾಲೆಗಳಲ್ಲಿ ಓದಿದ್ರು. ಮೊಗವೀರ ಮಂಡಳಿಯ ರಾತ್ರಿ ಶಾಲೆ ಅಂಥದ್ದೇ ಒಂದು. ಅವರು ಹೋಗುವಾಗ ಮನೆ ಮೇಲೆ ಸಾಲ ಇಟ್ಟು ಹೋಗ್ಲಿಲ್ಲ, ಹೋದ ತಿಂಗಳಿಂದಲೇ ಮನಿಆರ್ಡರ್ ಕಳಿಸಿದ್ರು. ಈಗ ದುಡ್ಡು ಮೊದಲು ಊರಿಂದ ಹೊರಗೆ ಹೋಗುತ್ತೆ. ವ್ಯತ್ಯಾಸ ಅದು.

ಅಲ್ಲಿ ಎಷ್ಟು ದುಡೀಬಹುದು? ವಿದ್ಯಾರ್ಥಿಗೆ ಸಿಗೋ ಅನುಮತಿಗೆ ಸ್ಟ್ಯಾಂಪ್ 2 ಅಂತ ಹೆಸರು. ತರಗತಿ ನಡೆಯುವಾಗ ವಾರಕ್ಕೆ 20 ಗಂಟೆ. ಜೂನ್‌ನಿಂದ ಸೆಪ್ಟೆಂಬರ್ ತನಕ, ಮತ್ತೆ ಡಿಸೆಂಬರ್ 15ರಿಂದ ಜನವರಿ 15ರ ತನಕ ವಾರಕ್ಕೆ 40 ಗಂಟೆ. 2026ರ ಜನವರಿಯಿಂದ ಕನಿಷ್ಠ ಕೂಲಿ ಗಂಟೆಗೆ 14 ಯೂರೋ 15 ಸೆಂಟ್. 20 ಗಂಟೆಗೆ 283 ಯೂರೋ, ತಿಂಗಳಿಗೆ ಹತ್ತಿರಹತ್ತಿರ 1,225. ಕೇಳೋಕೆ ಚೆನ್ನಾಗಿದೆ, ಲಕ್ಷ ದಾಟ್ತು ಅನ್ಸುತ್ತೆ. ಈಗ ಡಬ್ಲಿನ್ ಬಾಡಿಗೆ ಕಳೀರಿ. ಒಬ್ಬರಿಗೆ ಒಂದು ಕೋಣೆ ಅಂದ್ರೆ 800ರಿಂದ ಸಾವಿರ ಯೂರೋ ಮಾಮೂಲಿ. ಉಳಿದಿದ್ದರಲ್ಲಿ ಊಟ, ಬಸ್ಸು, ಫೋನು, ಒಂದು ದಪ್ಪ ಜಾಕೆಟ್ಟು. ಮುಗೀತು. ಪಾರ್ಟ್‌ಟೈಮ್ ಕೆಲಸ ಅನ್ನ ಮತ್ತು ಕೋಣೆಗೆ ಸಾಕಾಗುತ್ತೆ, ಫೀಸಿಗೆ ಸಾಕಾಗಲ್ಲ. ‘ಅಲ್ಲಿ ಹೋಗಿ ದುಡ್ದು ಫೀಸು ಕಟ್ತೇನೆ’ ಅಂತ ಯಾರಾದ್ರೂ ಹೇಳಿದ್ರೆ ಈ ಲೆಕ್ಕ ಅವರ ಮುಂದೆ ಇಡಿ. ಅದೂ ಹೋದ ವಾರವೇ ಕೆಲಸ ಸಿಗಲ್ಲ. ಒಂದೆರಡು ತಿಂಗಳು ಬರೀ ಸಿವಿ ಹಂಚೋದ್ರಲ್ಲೇ ಹೋಗೋದುಂಟು.

ಕೆಲಸ ಅಂದ್ರೆ ಎಂಥದ್ದು? ಸೂಪರ್‌ಮಾರ್ಕೆಟ್ಟಲ್ಲಿ ಕಪಾಟು ತುಂಬೋದು, ಕೆಫೆ, ಹೋಟೆಲ್ ಅಡುಗೆಮನೆ, ವೃದ್ಧರ ಆರೈಕೆ, ಗೋಡೌನ್. ಶುರು ಮಾಡೋ ಮೊದಲು ಪಿಪಿಎಸ್ ನಂಬರ್ ಮಾಡಿಸಿ, ಅಲ್ಲಿನ ತೆರಿಗೆ ಇಲಾಖೆಯಲ್ಲಿ ಆ ಕೆಲಸ ನೋಂದಾಯಿಸ್ಬೇಕು. ಮಾಡಿಸಿದ್ರೆ ಈ ಮೊತ್ತಕ್ಕೆ ತೆರಿಗೆ ಇಲ್ಲ ಅನ್ನುವಷ್ಟು ಕಡಿಮೆ. ಮಾಡಿಸದಿದ್ರೆ ಎಮರ್ಜೆನ್ಸಿ ಟ್ಯಾಕ್ಸ್ ಅಂತ ಬೀಳುತ್ತೆ. ಪಿಪಿಎಸ್ ನಂಬರೇ ಕೊಡದಿದ್ರೆ ಮೊದಲ ಸಂಬಳದಿಂದಲೇ ಶೇ. 40 ಹಿಡೀತಾರೆ. ಆಮೇಲೆ ವಾಪಸ್ ಪಡೀಬಹುದು, ಆದ್ರೆ ಬಾಡಿಗೆ ದಿನಕ್ಕೆ ಅದು ಕೈಯಲ್ಲಿರಲ್ಲ.

ಇನ್ನೊಂದು ಗಟ್ಟಿಯಾಗಿ ಹೇಳ್ಬೇಕು. ಸ್ಟ್ಯಾಂಪ್ 2ರಲ್ಲಿ ಇರುವವರು ಸ್ವಂತ ಉದ್ಯೋಗ ಮಾಡೋ ಹಾಗಿಲ್ಲ. ಆ್ಯಪ್‌ಗಳ ಊಟದ ಡೆಲಿವರಿ ಕೆಲಸ ಸ್ವಂತ ಉದ್ಯೋಗದ ಲೆಕ್ಕಕ್ಕೇ ಬರುತ್ತೆ. ಹಾಗಾಗಿ ಬೇರೆಯವರ ಅಕೌಂಟ್ ಬಾಡಿಗೆಗೆ ತಗೊಂಡು ಸೈಕಲ್ ತುಳಿಯೋ ವಿದ್ಯಾರ್ಥಿಗಳಿದ್ದಾರೆ. ಸಿಕ್ಕಿಬಿದ್ರೆ ಹೋಗೋದು ಅಕೌಂಟ್ ಅಲ್ಲ, ವೀಸಾ. 20 ಗಂಟೆ ಮೀರಿ ಕೈಗೆ ಕ್ಯಾಶ್ ಪಡೆದು ದುಡಿಯೋದೂ ಹಾಗೇ. ಮಾಲೀಕ ಸಂಬಳ ಕೊಡದಿದ್ರೆ ಹೋಗಿ ದೂರು ಕೊಡೋಕೆ ಭಯ. ಆ ಭಯದ ಮೇಲೇ ಅಂಥ ಕೆಲಸಗಳು ನಡೆಯೋದು.

ಸರಿ, ಕೋಣೆ. ಐರ್ಲೆಂಡಲ್ಲಿ ಕಾಲೇಜು ಸೀಟು ಸಿಗೋದು ಸುಲಭ, ಮಲಗೋಕೆ ಜಾಗ ಸಿಗೋದು ಕಷ್ಟ ಅಂತ ಅಲ್ಲಿನ ವಿದ್ಯಾರ್ಥಿಗಳೇ ಹೇಳ್ತಾರೆ. ವರ್ಷಗಟ್ಟಲೆಯಿಂದ ಮನೆಗಳ ಕೊರತೆ. ಒಂದು ಜಾಹೀರಾತು ಬಿದ್ರೆ ಗಂಟೆಯೊಳಗೆ ನೂರಾರು ಮೆಸೇಜ್. ಮೋಸಗಾರರು ಕಾಯ್ತಿರೋದೂ ಇಂಥ ಕಡೆಯೇ: ‘ನಾನು ಬೇರೆ ದೇಶದಲ್ಲಿದ್ದೇನೆ, ಅಡ್ವಾನ್ಸ್ ಹಾಕಿ, ಕೀ ಕೊರಿಯರ್ ಮಾಡ್ತೇನೆ’ ಅಂತ. ಕೀ ಬರಲ್ಲ. ಕಣ್ಣಾರೆ ನೋಡದೆ, ಇಲ್ಲಾ ಅಲ್ಲಿರೋ ನಮ್ಮವರು ಹೋಗಿ ಕಾಣದೆ ದುಡ್ಡು ಹಾಕ್ಬೇಡಿ. 2021ರಿಂದ ಕಾನೂನೇ ಇದೆ: ಬಾಡಿಗೆದಾರನಿಂದ ಒಂದು ತಿಂಗಳ ಡೆಪಾಸಿಟ್, ಒಂದು ತಿಂಗಳ ಮುಂಗಡ ಬಾಡಿಗೆ, ಇದಕ್ಕಿಂತ ಹೆಚ್ಚು ಕೇಳೋ ಹಾಗಿಲ್ಲ.

ಇನ್ನೊಂದು ವ್ಯವಸ್ಥೆಗೆ ಅಲ್ಲಿ ‘ಡಿಗ್ಸ್’ ಅಂತಾರೆ. ಐರಿಷ್ ಕುಟುಂಬದ ಮನೆಯಲ್ಲೇ ಒಂದು ಕೋಣೆ. ಮಾಲೀಕರಿಗೂ ಲಾಭ: ವರ್ಷಕ್ಕೆ 14 ಸಾವಿರ ಯೂರೋ ತನಕ ಆ ಬಾಡಿಗೆಗೆ ತೆರಿಗೆ ಇಲ್ಲ. ಒಳ್ಳೆ ಮನೆ ಸಿಕ್ಕಿದ್ರೆ ಇದಕ್ಕಿಂತ ಬೇರೆ ಬೇಡ. ಊರಿನ ಪರಿಚಯ ಆಗುತ್ತೆ, ಜ್ವರ ಬಂದ್ರೆ ಒಂದು ಲೋಟ ಚಹಾ ಕೊಡೋರು ಇರ್ತಾರೆ. ಆದ್ರೆ ಕಾನೂನು ಕಣ್ಣಲ್ಲಿ ನೀವು ಬಾಡಿಗೆದಾರರಲ್ಲ, ಇರೋಕೆ ಒಪ್ಪಿಗೆ ಪಡೆದವರು ಅಷ್ಟೇ. ಮೇಲೆ ಹೇಳಿದ ಡೆಪಾಸಿಟ್ ಮಿತಿಯೂ ಸೇರಿ ಬಾಡಿಗೆದಾರನ ರಕ್ಷಣೆಗಳು ಇಲ್ಲಿ ಸಿಗಲ್ಲ. ಅಡುಗೆಮನೆ ಯಾವಾಗ ಬಳಸ್ಬಹುದು, ಒಗ್ಗರಣೆ ವಾಸನೆ ನಡೆಯುತ್ತಾ, ಎಲ್ಲ ಮೊದಲೇ ಕೇಳಿ. ಕೆಲವು ಡಿಗ್ಸ್ ಸೋಮವಾರದಿಂದ ಶುಕ್ರವಾರ ಮಾತ್ರ! ಶನಿವಾರ-ಭಾನುವಾರ ಕೋಣೆ ಖಾಲಿ ಮಾಡ್ಬೇಕು.

ಅದ್ಯಾಕೆ ಹಾಗೆ? ಐರಿಷ್ ಹುಡುಗರು ಶುಕ್ರವಾರ ಮಧ್ಯಾಹ್ನ ಕ್ಲಾಸು ಮುಗೀತಿದ್ದಂಗೆ ಒಗೆಯೋ ಬಟ್ಟೆ ಬ್ಯಾಗಿಗೆ ತುಂಬ್ಕೊಂಡು ಬಸ್ಸು ಹತ್ತಿ ಊರಿಗೆ ಹೋಗ್ತಾರೆ. ಭಾನುವಾರ ರಾತ್ರಿ ಅಮ್ಮ ಮಾಡಿದ ಊಟದ ಡಬ್ಬಿ ಹಿಡ್ಕೊಂಡು ವಾಪಸ್. ಮಂಗಳೂರು, ಮಣಿಪಾಲದಲ್ಲಿ ಓದೋ ಕುಂದಾಪುರದ ಮಕ್ಕಳು ಶನಿವಾರ ಮಾಡೋದು ಇದನ್ನೇ ಅಲ್ವಾ? ಆದ್ರೆ ಇಲ್ಲಿಂದ ಹೋದವರಿಗೆ ಶನಿವಾರ ಹತ್ತೋಕೆ ಬಸ್ಸಿಲ್ಲ. ಕ್ಯಾಂಪಸ್ ಖಾಲಿ, ಲೈಬ್ರರಿಯಲ್ಲಿ ಕಾಣೋದು ನಮ್ಮಂಥ ವಿದೇಶಿ ಮುಖಗಳೇ. ಮನೆ ನೆನಪು ಗಟ್ಟಿಯಾಗಿ ಹೊಡಿಯೋದು ಕ್ಲಾಸಿನ ದಿನಗಳಲ್ಲಿ ಅಲ್ಲ, ಈ ಎರಡು ದಿನಗಳಲ್ಲಿ. ಹೆಚ್ಚಿನವರು ಪಾರ್ಟ್‌ಟೈಮ್ ಶಿಫ್ಟನ್ನ ವೀಕೆಂಡಿಗೇ ಹಾಕಿಸ್ಕೊಳ್ತಾರೆ. ದುಡ್ಡೂ ಆಯ್ತು, ಹೊತ್ತೂ ಹೋಯ್ತು.

ಮಳೆ ಬಗ್ಗೆ ಎಲ್ಲರೂ ಹೆದರಿಸ್ತಾರೆ. ಕೆರಾಡಿಯವರನ್ನ ಮಳೆ ಹೇಳಿ ಹೆದರಿಸೋದಾ? ನಮ್ಮ ಜಿಲ್ಲೆಯಲ್ಲಿ ವರ್ಷಕ್ಕೆ 4 ಸಾವಿರ ಮಿಲಿಮೀಟರ್ ಆಸುಪಾಸು ಬೀಳುತ್ತೆ. ಡಬ್ಲಿನ್‌ನಲ್ಲಿ ಇಡೀ ವರ್ಷಕ್ಕೆ 750ರ ಹತ್ತಿರ. ನಮ್ಮ ಒಂದು ಜುಲೈ ಅದನ್ನ ಮೀರಿಸುತ್ತೆ. ಅಲ್ಲಿನ ಕಷ್ಟ ಮಳೆಯ ಅಳತೆ ಅಲ್ಲ, ಅದರ ಜಿಗುಟು. ಸೋನೆ ಹಾಗೆ ಬಂದು, ನಿಂತು, ಮತ್ತೆ ಬಂದು, ಗಾಳಿಗೆ ಕೊಡೆ ಮಗುಚಿ. ಟೋಪಿ ಇರೋ ಜಾಕೆಟ್ ತಗೊಳ್ಳಿ, ಕೊಡೆ ಊರಲ್ಲೇ ಬಿಡಿ. ಒದ್ದೆ ಬಟ್ಟೆ ಕೋಣೆಯೊಳಗೆ ಒಣಹಾಕ್ಬೇಕು, ಗೋಡೆಗೆ ಬೂಷ್ಟು ಹಿಡಿಯುತ್ತೆ. ಆಷಾಢದಲ್ಲಿ ನಮ್ಮ ಮನೆ ಹೇಗೋ ಹಾಗೇ, ಆದ್ರೆ ಅಲ್ಲಿ ಬಚ್ಚಲ ಹಂಡೆ ಕೆಳಗೆ ಉರಿಯೋ ಬೆಂಕಿ ಇಲ್ಲ. ಬಿಸಿನೀರಿಗೆ ಇಮ್ಮರ್ಶನ್ ಅಂತ ಒಂದು ಸ್ವಿಚ್ ಇರುತ್ತೆ. ಅದನ್ನ ಆಫ್ ಮಾಡದೆ ಹೋದವರು ಯಾರು ಅನ್ನೋದು ಐರ್ಲೆಂಡಿನ ಪ್ರತಿ ಮನೆಯ ಹಳೇ ಜಗಳ. ಹಂಡೆ ನೀರಲ್ಲಿ ಅರ್ಧ ಗಂಟೆ ಮೀಯೋ ಅಭ್ಯಾಸ ಇದ್ದವರು ಆ ಜಗಳದಲ್ಲಿ ಮೊದಲ ಆರೋಪಿ.

ಮಳೆಗಿಂತ ಕಷ್ಟ ಕತ್ತಲೆ. ಡಿಸೆಂಬರಲ್ಲಿ ಬೆಳಕು ಹರಿಯೋದು ಎಂಟೂವರೆ ಮೇಲೆ, ಸಂಜೆ ನಾಲ್ಕು ದಾಟ್ತಿದ್ದಂಗೆ ಸೂರ್ಯ ಮುಳುಗ್ತಾನೆ. ಆಗ ನಮ್ಮ ಗಡಿಯಾರ ಐದೂವರೆ ಗಂಟೆ ಮುಂದೆ ಇರುತ್ತೆ. ಇಲ್ಲಿ ರಾತ್ರಿ ಒಂಬತ್ತೂವರೆಗೆ ಆಟ ಶುರುವಾಗಿ ಚಂಡೆ ಕೇಳುವಾಗ ಅಲ್ಲಿ ಸಂಜೆ ನಾಲ್ಕು. ಯೂಟ್ಯೂಬಲ್ಲಿ ಲೈವ್ ಹಾಕಿ ಕೂತ್ರೆ ಕಿಟಕಿ ಹೊರಗೂ ಕತ್ತಲಾಗ್ತಿರುತ್ತೆ. ಆದ್ರೆ ಮನೆಗೆ ಫೋನ್ ಮಾಡೋಕೆ ಇದೇ ಅಂತರ ಅಡ್ಡಿ. ಅಲ್ಲಿ ಆರಕ್ಕೆ ಕ್ಲಾಸು ಮುಗಿದ್ರೆ ಇಲ್ಲಿ ಹನ್ನೊಂದೂವರೆ, ಮನೆಯವರು ಮಲಗಿರ್ತಾರೆ. ಅಲ್ಲಿನ ಮಧ್ಯಾಹ್ನ ಒಂದು ಗಂಟೆಯ ಊಟದ ಬಿಡುವು ಇಲ್ಲಿನ ಸಂಜೆ ಆರೂವರೆ. ದೀಪ ಹಚ್ಚೋ ಹೊತ್ತು, ‘ಉಂಡ್ಯಾ?’ ಅಂತ ಅಬ್ಬಿ ಕೇಳೋಕೆ ಸರಿಯಾದ ಸಮಯ. ಮಾರ್ಚ್ ಕೊನೇ ಭಾನುವಾರ ಅವರು ಗಡಿಯಾರ ಒಂದು ಗಂಟೆ ಮುಂದೆ ಇಡ್ತಾರೆ, ಆಮೇಲೆ ಅಂತರ ನಾಲ್ಕೂವರೆ ಗಂಟೆ.

ಇನ್ನು ಜನ. ಬಸ್ಸಿಂದ ಶುರು ಮಾಡೋಣ. ಸ್ಟಾಪಲ್ಲಿ ನಿಂತ್ರೆ ಸಾಲ್ದು, ಕೈ ಚಾಚ್ಬೇಕು, ಇಲ್ಲಾಂದ್ರೆ ಬಸ್ಸು ಹಾಗೇ ಹೋಗುತ್ತೆ. ‘ರೈಟ್’ ಹೇಳೋ ಕಂಡಕ್ಟರ್ ಇಲ್ಲ. ಸ್ಟೂಡೆಂಟ್ ಲೀಪ್ ಕಾರ್ಡ್ ಇದ್ರೆ ಡಬ್ಲಿನ್‌ನಲ್ಲಿ 90 ನಿಮಿಷಕ್ಕೆ ಒಂದೇ ಯೂರೋ. ಇಳಿಯುವಾಗ ಎಲ್ಲರೂ ಡ್ರೈವರಿಗೆ ‘ಥ್ಯಾಂಕ್ಸ್’ ಅಂತಾರೆ. ಹೇಳದೆ ಇಳಿದ್ರೆ ಯಾರೂ ಬೈಯಲ್ಲ, ಆದ್ರೆ ಹೇಳಿ.

ಅವರ ಇಂಗ್ಲಿಷು ಸ್ಕೂಲಲ್ಲಿ ಕಲಿತ ಇಂಗ್ಲಿಷಲ್ಲ. ‘ಗ್ರಾಂಡ್’ ಅಂದ್ರೆ ಅದ್ದೂರಿ ಅಲ್ಲ, ‘ಅಡ್ಡಿಲ್ಲ’ ಅಂತ. ‘ಗಿವಿಂಗ್ ಔಟ್’ ಅಂದ್ರೆ ಬೈಯೋದು. ‘ಪ್ರೆಸ್’ ಅಂದ್ರೆ ಕಪಾಟು. ‘ವಾಟ್ಸ್ ದಿ ಕ್ರ್ಯಾಕ್’ ಅಂದ್ರೆ ಏನ್ ಸಮಾಚಾರ. ನಾವು ಕುಂದಾಪ್ರ ಕನ್ನಡದಲ್ಲಿ ‘ಅನ್ನ ಇತ್ತ್’ ಅಂದ್ರೆ ಬೆಂಗಳೂರಿನವರು ‘ಇತ್ತಾ? ಈಗ ಖಾಲಿಯಾ?’ ಅಂತಾರಲ್ಲ, ಅದೇ ಕಥೆ. ಹೆಸರುಗಳಂತೂ ಬರೆಯೋದು ಒಂದು, ಕರೆಯೋದು ಒಂದು. ಕಾಗದದಲ್ಲಿ ಎಷ್ಟು ಅಕ್ಷರ ಇದ್ರೂ ಒಬ್ಬಳು ‘ನೀವ್’, ಇನ್ನೊಬ್ಬಳು ‘ಶಿವೋನ್’. ಕೇಳಿ ಕಲೀಬೇಕು. ಅವರದ್ದೇ ಐರಿಷ್ ಭಾಷೆ ಅಲ್ಲಿ ಮೊದಲ ಅಧಿಕೃತ ಭಾಷೆ, ಎಲ್ಲ ಬೋರ್ಡುಗಳಲ್ಲೂ ಇದೆ, ದಿನಾ ಮಾತಾಡೋರು ಮಾತ್ರ ಕಡಿಮೆ. ಮನೆಮಾತಿನ ಸುದ್ದಿ ಎತ್ತಿದ್ರೆ ಅವರಿಗೆ ಕೂಡ್ಲೇ ಅರ್ಥ ಆಗುತ್ತೆ. ಕುಂದಾಪ್ರ ಕನ್ನಡ ದಿನ ಅಂತ ಮಾಡ್ತೇವೆ ಅಂತ ಹೇಳಿ ನೋಡಿ, ಮಾತು ಅರ್ಧ ಗಂಟೆ ಎಳೆಯುತ್ತೆ.

ಪಬ್ಬಿಗೆ ಕರೀತಾರೆ. ಕುಡೀಬೇಕು ಅಂತೇನಿಲ್ಲ. ಆದ್ರೆ ‘ರೌಂಡ್’ ಪದ್ಧತಿ ಗೊತ್ತಿರ್ಬೇಕು: ಒಬ್ಬ ಎಲ್ಲರಿಗೂ ತರ್ತಾನೆ, ಮುಂದಿನ ಸಲ ಇನ್ನೊಬ್ಬ. ನೀವು ಒಂದು ಜ್ಯೂಸ್ ತಗೊಂಡು ಸುಮ್ನಿದ್ರೂ ನಿಮ್ಮ ಸರದಿ ಬಂದಾಗ ಐದು ಜನರಿಗೆ ಕೊಡಿಸ್ಬೇಕು, ಎರಡು ಗಂಟೆ ದುಡಿಮೆ ಹೋಯ್ತು. ಮೊದಲೇ ‘ನಾನು ರೌಂಡಲ್ಲಿ ಇಲ್ಲ’ ಅಂದುಬಿಡಿ, ಯಾರೂ ತಪ್ಪು ತಿಳಿಯಲ್ಲ. ಪಬ್ಬಿಗಿಂತ ನನಗೆ ಒಳ್ಳೇದು ಅನ್ನಿಸೋದು ಜಿಎಎ ಕ್ಲಬ್ಬು. ಊರೂರಿಗೆ ಒಂದಿರುತ್ತೆ, ನಮ್ಮ ಯುವಕ ಮಂಡಲದ ಹಾಗೆ. ಹರ್ಲಿಂಗ್, ಗೇಲಿಕ್ ಫುಟ್‌ಬಾಲ್ ಆಡ್ತಾರೆ, ಆಟಗಾರರಿಗೆ ಸಂಬಳ ಇಲ್ಲ. ಡಬ್ಲಿನ್‌ನ ಕ್ರೋಕ್ ಪಾರ್ಕಲ್ಲಿ 82 ಸಾವಿರ ಜನರ ಮುಂದೆ ಫೈನಲ್ ಆಡಿದವನು ಸೋಮವಾರ ಸ್ಕೂಲಲ್ಲಿ ಪಾಠ ಮಾಡ್ತಿರ್ತಾನೆ. ಆಡೋಕೆ ಬರದಿದ್ರೂ ನೋಡೋಕೆ, ಸಹಾಯಕ್ಕೆ ಹೋಗಿ. ನಾಲ್ಕು ಜನ ಹೆಸರು ಹಿಡಿದು ಕರೆಯೋ ಹಾಗಾಗುತ್ತೆ.

ಅದು ಯಾಕೆ ಮುಖ್ಯ ಅಂತ 2025ರಲ್ಲಿ ಕಂಡಿತು. ಜುಲೈ 19ರಂದು ಡಬ್ಲಿನ್‌ನ ಟ್ಯಾಲಾ ಪ್ರದೇಶದಲ್ಲಿ ಭಾರತೀಯನೊಬ್ಬನ ಮೇಲೆ ಗುಂಪು ಹಲ್ಲೆ ಮಾಡ್ತು. ಬೇರೆ ಕಡೆಯೂ ಅಂಥ ಘಟನೆ ಆದವು. ಆಗಸ್ಟ್ 1ರಂದು ಭಾರತದ ರಾಯಭಾರ ಕಚೇರಿ, ಹೊತ್ತಲ್ಲದ ಹೊತ್ತಲ್ಲಿ ನಿರ್ಜನ ಜಾಗಗಳಿಗೆ ಹೋಗ್ಬೇಡಿ ಅಂತ ಸೂಚನೆ ಕೊಟ್ಟಿತು. ಆ ತಿಂಗಳು ಫೀನಿಕ್ಸ್ ಪಾರ್ಕಲ್ಲಿ ನಡೀಬೇಕಿದ್ದ ಇಂಡಿಯಾ ಡೇ ಮುಂದೂಡಿದ್ರು. ಅಧ್ಯಕ್ಷರಾಗಿದ್ದ ಮೈಕೆಲ್ ಡಿ. ಹಿಗಿನ್ಸ್ ಹಲ್ಲೆಗಳನ್ನ ಖಂಡಿಸಿ ಹೇಳಿಕೆ ಕೊಟ್ರು. ಸ್ಥಳೀಯರೂ ಬೀದಿಗಿಳಿದು ವಿರೋಧಿಸಿದ್ರು. ಎರಡೂ ನಿಜ: ಹಲ್ಲೆಯೂ ನಿಜ, ಜೊತೆಗೆ ನಿಂತ ಜನರೂ ನಿಜ. ಆದ್ರೆ ರಾತ್ರಿ ಹನ್ನೊಂದಕ್ಕೆ ಶಿಫ್ಟು ಮುಗಿಸಿ ಬಸ್‌ಸ್ಟಾಪಲ್ಲಿ ಒಬ್ಬಳೇ ನಿಂತವಳಿಗೆ ‘ಹೊತ್ತಲ್ಲದ ಹೊತ್ತಲ್ಲಿ ಹೋಗ್ಬೇಡಿ’ ಅನ್ನೋ ಸೂಚನೆ ಪಾಲಿಸೋಕೆ ಆಗಲ್ಲ. ಕಡಿಮೆ ಬಾಡಿಗೆ ಅಂದ್ರೆ ಊರಾಚೆ, ಊರಾಚೆ ಅಂದ್ರೆ ತಡರಾತ್ರಿ ದೂರದ ದಾರಿ. ಕೋಣೆ ಹುಡುಕುವಾಗ ಬಾಡಿಗೆ ಜೊತೆಗೆ ಕೊನೇ ಬಸ್ಸಿನ ಟೈಮೂ ನೋಡಿ. ತುರ್ತಿಗೆ 112 ಅಥವಾ 999. ಅಲ್ಲಿ ಪೊಲೀಸರಿಗೆ ಗಾರ್ಡಾ ಅಂತಾರೆ. ಏನಾದ್ರೂ ಆದ್ರೆ ದೂರು ಕೊಡಿ. ಕೊಟ್ಟಿದ್ದಕ್ಕೆ ವೀಸಾ ಹೋಗಲ್ಲ.

ಮನೆಬಿಟ್ಟು ಹೋಗೋದೇನು ಅಂತ ಐರಿಷರಿಗೂ ಗೊತ್ತು. 1841ರಲ್ಲಿ ಆ ದ್ವೀಪದಲ್ಲಿ 80 ಲಕ್ಷಕ್ಕೂ ಹೆಚ್ಚು ಜನ ಇದ್ರು. 1845ರ ನಂತರದ ಆಲೂಗಡ್ಡೆ ಕ್ಷಾಮ, ವಲಸೆ ಎಲ್ಲ ಸೇರಿ ಕರಗಿದ ಆ ಸಂಖ್ಯೆ ಇವತ್ತಿಗೂ ಪೂರ್ತಿ ವಾಪಸ್ ಬಂದಿಲ್ಲ. ಆಗ ಅಮೆರಿಕಕ್ಕೆ ಹೊರಟವರ ಮನೆಯಲ್ಲಿ ಹಿಂದಿನ ರಾತ್ರಿ, ಸತ್ತವರ ಮನೆಯಲ್ಲಿ ಸೇರಿದ ಹಾಗೆ ಊರು ಸೇರ್ತಿತ್ತು. ಮತ್ತೆ ಕಾಣ್ತೇವೆ ಅನ್ನೋ ನಂಬಿಕೆ ಇರ್ಲಿಲ್ಲ.

ಓದು ಮುಗಿದ ಮೇಲೆ? ಮಾಸ್ಟರ್ಸ್ ಮಾಡಿದವರಿಗೆ ಸ್ಟ್ಯಾಂಪ್ 1ಜಿ ಅಂತ ಸಿಗುತ್ತೆ, ಒಟ್ಟು 24 ತಿಂಗಳ ತನಕ ಪೂರ್ಣಾವಧಿ ಕೆಲಸ ಮಾಡ್ಬಹುದು. ಅಷ್ಟರೊಳಗೆ ವರ್ಕ್ ಪರ್ಮಿಟ್ ಕೊಡೋ ಕಂಪನಿ ಸಿಗ್ಬೇಕು. ಬೇಡಿಕೆ ಇರೋ ಕ್ಷೇತ್ರಗಳ ಪರ್ಮಿಟ್ಟಿಗೆ ವರ್ಷಕ್ಕೆ 40 ಸಾವಿರ ಯೂರೋ ಆಸುಪಾಸಿನ ಸಂಬಳ ಬೇಕು, ಈ ಮಿತಿ ಏರ್ತಾ ಇದೆ. ಮನೆ ಕಾಗದಪತ್ರ ಬ್ಯಾಂಕಿಂದ ಬಿಡಿಸೋದು ನಿಜವಾಗಿ ಈ ಎರಡು ವರ್ಷಗಳಲ್ಲಿ ತೀರ್ಮಾನ ಆಗೋದು, 20 ಗಂಟೆಯ ಕೆಲಸದಲ್ಲಿ ಅಲ್ಲ. ಹಾಗಾಗಿ ಕೋರ್ಸ್ ಆರಿಸುವಾಗ ‘ಫೀಸು ಕಡಿಮೆ’ ಅನ್ನೋದನ್ನ ಒಂದೇ ನೋಡ್ಬೇಡಿ. ಆ ಓದಿಗೆ ಸಂಬಂಧಪಟ್ಟ ಕೆಲಸ ಪರ್ಮಿಟ್ಟಿನ ಪಟ್ಟಿಯಲ್ಲಿದೆಯಾ ಅಂತ ಐರ್ಲೆಂಡ್ ಸರ್ಕಾರದ ವೆಬ್‌ಸೈಟಲ್ಲೇ ನೋಡಿ. ಏಜೆಂಟರನ್ನ ಕೇಳ್ಬೇಡಿ ಅಂತಲ್ಲ, ಅವರನ್ನ ಕೇಳಿದ ಮೇಲೂ ನೋಡಿ.

ಕೊನೆಗೆ ಈ ವಿಷಯ ಎತ್ತಿದಾಗೆಲ್ಲ ಬರೋ ಒಂದು ಪ್ರಶ್ನೆ: ಊರಿಂದ ಏನೇನು ತಗೊಂಡು ಹೋಗ್ಬಹುದು? ಯುರೋಪಿಯನ್ ಯೂನಿಯನ್ ನಿಯಮದ ಪ್ರಕಾರ ಮಾಂಸ ಮತ್ತು ಹಾಲಿನ ಪದಾರ್ಥ ಇಲ್ಲ. ಅಂದ್ರೆ ಮನೆ ತುಪ್ಪ ಇಲ್ಲ, ಕೋಳಿ ಸುಕ್ಕ ಇಲ್ಲ. ಒಗ್ಗರಣೆ ಸೊಪ್ಪು ಪ್ರಮಾಣಪತ್ರ ಇಲ್ಲದೆ ನಡೆಯಲ್ಲ. ಮಸಾಲೆ ಪುಡಿಗೆ ತೊಂದರೆ ಇಲ್ಲ. ತೆಂಗಿನಕಾಯಿಗೆ ಅಲ್ಲಿ ಪ್ರಮಾಣಪತ್ರ ಬೇಡ, ಆದ್ರೆ ಕೊಬ್ಬರಿಯನ್ನ ನಮ್ಮ ವಿಮಾನ ನಿಲ್ದಾಣದಲ್ಲೇ ತೆಗೆದಿಡ್ತಾರೆ, ಎಣ್ಣೆ ಅಂಶಕ್ಕೆ ಬೆಂಕಿ ಹಿಡಿಯುತ್ತೆ ಅಂತ. ಬಂಗುಡೆ ಹೊತ್ಕೊಂಡು ಹೋಗೋದು ಬೇಡ, ಅದರ ಅಟ್ಲಾಂಟಿಕ್ ಸೋದರ ಅಲ್ಲಿನ ಸಮುದ್ರದಲ್ಲೇ ಇದೆ, ಮ್ಯಾಕ್ರೆಲ್ ಅಂತ ಕೇಳಿ. ಒಣಮೀನು? ಕಾನೂನಿನ ಪ್ರಕಾರ 20 ಕೆಜಿ ತನಕ ತರ್ಬಹುದು. ಹುರಿಯುವಾಗ ಮಾತ್ರ ಮನೆ ಮಾಲೀಕರು ಊರಲ್ಲಿಲ್ಲ ಅಂತ ಖಾತ್ರಿ ಮಾಡ್ಕೊಳ್ಳಿ.